ಬರ್ತೀನಿ ಅಂತ ಹೊರಟ ಪ್ರೋಗ್ರಾಮು

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ಕಳಿಸುವ ಜಾವಾ ಪ್ರೋಗ್ರಾಮುಗಳು ಕೈಕೊಟ್ಟಾಗ ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ನನ್ನ ಆಫೀಸು ಕೀವಿಗಳ ನಾಡಿನ ಮನುಕಾವ್‌ನಲ್ಲಿ. ಹೆಂಡತಿ ಬಸ್ಸಿನಲ್ಲಿ ಎಂಟೊಂಬತ್ತು ತಾಸು ದೂರದ ಪಾಮರ್ಸ್ಟನ್ ನಾರ್ತ್‌ನಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಾಳೆ. ಥೀಸಿಸ್ ಮುಗಿಸಿ ಅವಳು ಯಾವಾಗ ನನ್ನ ಜೊತೆ ಬಂದು ಇರುತ್ತಾಳೋ ಎಂದು ಕಾಯುವುದೇ ನನ್ನ ಇನ್ನೊಂದು ಕೆಲಸ. ಆಫೀಸಿನಲ್ಲೂ ಕನೆಕ್ಷನ್ ಸಮಸ್ಯೆ, ಮನೆಯಲ್ಲೂ ಅದೇ. ಹಾಗಾಗಿ ನಗುವ ಪ್ರಸಂಗಗಳಿಗೆ ಬರವಿಲ್ಲ.

ಕೈಕುಲುಕು

ಒಂದು ದಿನ ಒನೆಹುಂಗಾದ ಗೋದಾಮಿಗೆ ಫೈಲು ಹೋಗಲೊಲ್ಲದು. ‘ಹ್ಯಾಂಡ್‌ಶೇಕ್ ಫೇಲ್’ ಎಂಬ ಒಂದೇ ರಾಗ. ನಮ್ಮ ಜಾವಾ ಹಳೆಯದು, ಅವರ ಸರ್ವರ್ ಹೊಸದು; ಗುಟ್ಟಾಗಿ ಮಾತಾಡುವ ರೀತಿ ಇಬ್ಬರಿಗೂ ಹೊಂದುತ್ತಿರಲಿಲ್ಲ. ಊಟದ ಹೊತ್ತಿಗೆ ಹೆಂಡತಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ.

“ಕೈ ಕುಲುಕ್ತಾ ಇಲ್ವಂತಾ? ನಮಸ್ಕಾರ ಮಾಡಿ ನೋಡ್ರೀ,” ಅಂದಳು.

ಹೊಸ ಜಾವಾ ಹಾಕಿದ ಮೇಲೆ ಫೈಲು ಹೋಯಿತು. ಅವಳ ಕೈ ಹಿಡಿದು ಎಷ್ಟು ದಿನವಾಯಿತೆಂದು ಆಗ ನೆನಪಾಯಿತು. ಅದಕ್ಕೆ ಮಾತ್ರ ಯಾರೂ ಅಪ್‌ಡೇಟ್ ಬಿಟ್ಟಿಲ್ಲ.

ಯಾರ ಪೈಕಿ?

ಇನ್ನೊಮ್ಮೆ ಗಿರಾಕಿಯೊಬ್ಬರ ಸರ್ವರು ತನ್ನ ಗುರುತಿಗೆ ತೋರಿಸಿದ ಸರ್ಟಿಫಿಕೇಟನ್ನು ನಮ್ಮ ಜಾವಾ ಒಪ್ಪಲಿಲ್ಲ. ಸರ್ಟಿಫಿಕೇಟಿನಲ್ಲಿ ತಪ್ಪಿರಲಿಲ್ಲ, ಅದಕ್ಕೆ ಸಹಿ ಹಾಕಿದವರ ಪರಿಚಯ ಜಾವಾಕ್ಕೆ ಇರಲಿಲ್ಲ, ಅಷ್ಟೆ.

“ನಮ್ಮ ಕಡೆ ಹೊಸಬರು ಬಂದ್ರೆ ಯಾರ ಪೈಕಿ ಅಂತ ಕೇಳ್ತಾರೆ. ಗೊತ್ತಿರೋರ ಹೆಸರು ಹೇಳಿದ್ರೆ ತಕ್ಷಣ ಕಾಫಿ,” ಎಂದು ಬಾಸ್‌ಗೆ ವಿವರಿಸಿದೆ. ಸಹಿ ಹಾಕಿದವರನ್ನು ಜಾವಾಕ್ಕೆ ಪರಿಚಯ ಮಾಡಿಸಿದ್ದೇ ತಡ, ಫೈಲು ಸಲೀಸಾಗಿ ಹೋಯಿತು.

ಅದೇ ಶನಿವಾರ ಕನ್ನಡದವರ ಮನೆಯ ಸತ್ಯನಾರಾಯಣ ಪೂಜೆಗೆ ಒಬ್ಬನೇ ಹೋಗಿದ್ದೆ. ಮೈಸೂರಿನ ಆಂಟಿಯೊಬ್ಬರು ನನ್ನ ಮಾವನವರ ತನಕ ಪೈಕಿ ವಿಚಾರಿಸಿ, “ಹೆಂಡ್ತಿ ಎಲ್ಲಪ್ಪಾ?” ಅಂದರು.

“ಪಾಮರ್ಸ್ಟನ್ ನಾರ್ತ್‌ನಲ್ಲಿದಾಳೆ ಆಂಟಿ.”

ಆಂಟಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಜ್ಜಿಗೆ ಹಾಕಿ, ದನಿ ತಗ್ಗಿಸಿ ಕೇಳಿದರು: “ಜಗಳಾನಾ?”

ಬರ್ತೀನಿ

ಫೈಲು ತಲುಪಿಸಿ ಕನೆಕ್ಷನ್ ಮುಚ್ಚುವಾಗ ಪ್ರೋಗ್ರಾಮು ಲಾಗ್ ಎಂಬ ತನ್ನ ದಿನಚರಿಯಲ್ಲಿ ಒಂದು ಸಾಲು ಬರೆದು ಹೋಗಬೇಕು. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು ಎಂದು ಹೇಳಿಸಿಕೊಂಡು ಬೆಳೆದವನು ನಾನು. ಕೈ ತಾನಾಗಿ ‘ಐ ವಿಲ್ ಕಮ್’ ಎಂದು ಟೈಪ್ ಮಾಡಿತು.

ಸರ್ವರ್ ನೋಡಿಕೊಳ್ಳುವ ಕೀವಿ ಸಹೋದ್ಯೋಗಿ ಮರುದಿನ ಆ ಸಾಲು ಓದಿ, ಬೆಳಿಗ್ಗೆಯೆಲ್ಲ ಸರ್ವರನ್ನು ರೀಸ್ಟಾರ್ಟ್ ಮಾಡದೆ ಕೂತಿದ್ದ. “ನಿನ್ನ ಪ್ರೋಗ್ರಾಮು ಬರ್ತೀನಿ ಅಂದಿದೆಯಲ್ಲ, ಅದು ಬರೋವಾಗ ಬಾಗಿಲು ಹಾಕಿದ್ರೆ ಚೆನ್ನಾಗಿರುತ್ತಾ?” ಅಂದ. ನಮ್ಮಲ್ಲಿ ಬರ್ತೀನಿ ಅಂದರೆ ಹೊರಟೆ ಎಂದು ಅರ್ಥ ಎಂದು ಬಿಡಿಸಿ ಹೇಳಿದೆ. ತಲೆಯಾಡಿಸಿದ, ತಲೆಗೆ ಹೋದಂತೆ ಕಾಣಲಿಲ್ಲ.

ಆ ವಾರಾಂತ್ಯ ಹೆಂಡತಿ ಬಂದಿದ್ದಳು. ಮನೆಯಲ್ಲಿ ಒಗ್ಗರಣೆ ಸದ್ದು, ಅವಳ ನಗು. ನನಗೆ ಹಬ್ಬವೇ ಆಗಿತ್ತು. ಭಾನುವಾರ ಬಸ್ಸಿಗೆ ಬಿಡಲು ಇದೇ ಸಹೋದ್ಯೋಗಿ ತನ್ನ ಯೂಟ್, ಅಂದರೆ ಹಿಂದೆ ಸಾಮಾನು ಹೇರುವ ಪಿಕಪ್ ಗಾಡಿ, ತಂದ. ಥೀಸಿಸ್ ಮುಗಿಯುವವರೆಗೆ ಅವಳು ಇನ್ನು ಬರುವ ಹಾಗಿರಲಿಲ್ಲ. ಬಸ್ಸು ಹತ್ತುತ್ತಾ ತಿರುಗಿ, “ಬರ್ತೀನ್ರೀ,” ಅಂದಳು. ಬಸ್ಸು ಮರೆಯಾಗುವ ತನಕ ಕೈ ಬೀಸಿ, ಬಂದು ಯೂಟ್‌ನಲ್ಲಿ ಕೂತೆ.

“ಏನಂದ್ಲು?” ಅಂತ ಕೇಳಿದ.

“ಬರ್ತೀನಿ ಅಂದ್ಲು.”

ಅವನು ಇಂಜಿನ್ ಆಫ್ ಮಾಡಿ, ಸೀಟು ಹಿಂದಕ್ಕೆ ಒರಗಿಸಿ, “ಸರಿ, ಕಾಯೋಣ,” ಅಂದ.

ಈ ಸಲ ನಾನು ಅವನನ್ನು ತಿದ್ದಲಿಲ್ಲ.