ಮುದ್ದೆ ಪಾತ್ರೆಯ ಬೋಣಿ

ಮುದ್ದೆ ತೊಳಸುವ ಅಲ್ಯೂಮಿನಿಯಂ ಪಾತ್ರೆಗೆ ನಾನು ಕೊಟ್ಟದ್ದು ಆರುನೂರ ಇಪ್ಪತ್ತು ರೂಪಾಯಿ. ಅಂಗಡಿಯವನು ಹೇಳಿದ್ದು ಎಂಟುನೂರು. ಮಧ್ಯದ ನೂರ ಎಂಬತ್ತು ನನ್ನ ನಾಲಿಗೆಯ ಸಂಪಾದನೆ. ಗುತ್ತಲಿನ ನಮ್ಮ ಬೀದಿಯಲ್ಲಿ ಯಾರು ಏನು ಕೊಳ್ಳುವುದಿದ್ದರೂ ಮೊದಲು ನನ್ನನ್ನು ಒಂದು ಮಾತು ಕೇಳುತ್ತಾರೆ. ಕೇಳದಿದ್ದರೆ ನಾನೇ ಹೋಗಿ ಹೇಳಿ ಬರುತ್ತೇನೆ. ಮನೆಯಲ್ಲಿ ಮಾತ್ರ ಈ ವಿದ್ಯೆಗೆ ಮರ್ಯಾದೆಯಿಲ್ಲ. ಫ್ರಿಜ್ಜಿನ ಮಾತು ಬಂದಾಗ ನನ್ನಾಕೆ, “ಮದ್ದೂರಿಂದ ನಮ್ಮಣ್ಣ ಬತ್ತಾನೆ, ಅವ್ನೇ ಯಾಪಾರ ಮಾಡ್ಲಿ ಬುಡಿ” ಅಂದುಬಿಟ್ಟಳು. ಆ ಭಾವನೋ, ಅಂಗಡಿಯವನು ಹೇಳಿದ ಬೆಲೆಗೆ ಕೈಮುಗಿದು ಬರುವ ಆಸಾಮಿ. ನನಗೆ ತಡೆಯಲಾಗಲಿಲ್ಲ. “ಮೊದಲು ಮುದ್ದೆ ಪಾತ್ರೆಯಲ್ಲಿ ನನ್ನ ಕೈಚಳಕ ನೋಡು, ಆಮೇಲೆ ಫ್ರಿಜ್ಜು ಯಾರು ತರಬೇಕು ಅಂತ ನೀನೇ ಹೇಳು” ಎಂದು ಬೆಳಿಗ್ಗೆಯೇ ಅವಳನ್ನು ಪೇಟೆಗೆ ಹೊರಡಿಸಿದೆ.

ಬೆಳಿಗ್ಗೆಯೇ ಏಕೆಂದರೆ, ಬೋಣಿ. ಮೊದಲ ಗಿರಾಕಿ ಬರಿಗೈಲಿ ಹೋದರೆ ದಿನವೆಲ್ಲ ವ್ಯಾಪಾರ ಕೆಡುತ್ತದೆಂಬುದು ಅಂಗಡಿಯವರ ನಂಬಿಕೆ. ಆ ನಂಬಿಕೆಯೇ ನನ್ನ ಬಂಡವಾಳ. ಅರ್ಧ ಗಂಟೆ ಪಾತ್ರೆಯ ತಳ ತಟ್ಟಿದೆ, ಅಂಚು ಸವರಿ ಮುಖ ಸಿಂಡರಿಸಿದೆ, ಎರಡು ಸಲ ಬೀದಿಗಿಳಿದು ನಿಧಾನವಾಗಿ ನಡೆದೆ. ಎರಡನೆಯ ಸಲ ಅವನು ಕೂಗಿದ: “ಬನ್ನಿ ಸಾ, ಬೋಣಿ ಅಂತ ಕೊಡ್ತಾ ಇವ್ನಿ. ಯಾರ್ಗೂ ಯೋಳ್ಬ್ಯಾಡಿ.” ಫೋನಿನಿಂದ ದುಡ್ಡು ಹಾಕಿದೆ. ಹಿಂದೆಲ್ಲ ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಈಗ ನೋಟೆಲ್ಲಿ? “ಆರುನೂರ ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ” ಎಂದು ಬೀದಿಗೆಲ್ಲ ಸಾರಿದ ಆ ಮಾತಾಡುವ ಪೆಟ್ಟಿಗೆಯನ್ನೇ ಎತ್ತಿ ಭಕ್ತಿಯಿಂದ ಕಣ್ಣಿಗೊತ್ತಿಕೊಂಡ.

ಗೆದ್ದ ಖುಷಿಗೆ ಪಕ್ಕದ ಅಂಗಡಿಯಲ್ಲೇ ಟೀ ಹೇಳಿದೆ. “ಪರ್ವಾಗಿಲ್ಲ ಕಣ್ರೀ, ಫ್ರಿಜ್ಜಿಗೂ ನೀವೇ ಬನ್ನಿ” ಎಂದು ಹೆಂಡತಿ ಲೋಟ ಕೈಗೆತ್ತಿಕೊಂಡಳು. ಅಷ್ಟರಲ್ಲಿ ಪಾತ್ರೆ ಅಂಗಡಿಗೆ ಒಬ್ಬ ಹೆಂಗಸು ಬಂದು, ನಮ್ಮದೇ ಅಳತೆಯ ಪಾತ್ರೆ ಎತ್ತಿಕೊಂಡು, ಬೆಲೆ ಕೇಳಿ, ಮಾತಿಲ್ಲದೆ ದುಡ್ಡು ಹಾಕಿದಳು. ಪೆಟ್ಟಿಗೆ ಸಾರಿತು: “ಐನೂರ ಐವತ್ತು ರೂಪಾಯಿ ಸ್ವೀಕರಿಸಲಾಗಿದೆ.” ಅವನು ಅದನ್ನು ಮತ್ತೆ ಕಣ್ಣಿಗೊತ್ತಿಕೊಂಡ.

ಟೀ ಬಿಟ್ಟು ಓಡಿದೆ. “ಏನಯ್ಯಾ, ದಿನಕ್ಕೆ ಎಷ್ಟು ಬೋಣಿ ನಿನಗೆ?”

ಅವನಿಗೆ ನಾಚಿಕೆಯೂ ಇಲ್ಲ, ಸಿಟ್ಟೂ ಇಲ್ಲ. “ಆ ಯವ್ವ ಚೌಕಾಸಿ ಮಾಡೋರಲ್ಲ ಸಾ, ಅದ್ಕೇ ಇರೋ ರೇಟೇ ಯೋಳ್ದೆ. ನೀವು ಮಾಡೇ ಮಾಡ್ತೀರಾ ಅಂತ ಮೊಕ ನೋಡಿದ್ರೇ ಗೊತ್ತಾಯ್ತದೆ. ಅದ್ಕೇ ಎಂಟ್ನೂರಿಂದ ಸುರು ಮಾಡ್ದೆ.”

ಹಿಂದಿನಿಂದ ಹೆಂಡತಿಯ ದನಿ ಕೇಳಿತು. ಅಣ್ಣನಿಗೆ ಫೋನು ಮಾಡುತ್ತಿದ್ದಳು: “ಭಾನ್ವಾರ ಬಾ ಕಣಣ್ಣ, ಫ್ರಿಜ್ಜು ತರಾನ. ಊಂ, ಇವ್ರು ಮನೇಲೇ ಇರ್ತಾರೆ.”

ಆದ್ದರಿಂದ ಓದುಗರೇ, ಬೆಲೆ ಕೇಳುವಾಗ ಮುಖದಲ್ಲಿ ಬುದ್ಧಿವಂತಿಕೆ ಕಾಣದಂತೆ ನೋಡಿಕೊಳ್ಳಿ. ನನ್ನ ಹಾಗೆ ಅದು ನಿಮ್ಮ ಕೈಲೂ ಆಗದಿದ್ದರೆ, ವ್ಯಾಪಾರ ಮುಗಿದ ಕೂಡಲೇ ಹೆಂಡತಿಯನ್ನು ಆ ಬೀದಿ ದಾಟಿಸಿಬಿಡಿ. ಟೀ ಮನೆಯಲ್ಲೇ ಕುಡಿಯಿರಿ.