ಒಡೆದ ಬ್ಯಾಗಿನ ಪಂಚನಾಮೆ

ಪರಿಹಾರ ಎನ್ನುವ ಪದಕ್ಕೆ ಹಿರೇಹಡಗಲಿಯಲ್ಲಿ ಇನ್ನೊಂದು ಹೆಸರಿದ್ದರೆ ಅದು ಪಾಲಾಕ್ಷಪ್ಪ, ಅಂದರೆ ನಾನು. ಪಶು ಆಸ್ಪತ್ರೆಯಲ್ಲಿ ನೌಕರಿ. ಸಿಡಿಲು ಬಡಿದ ಕುರಿ, ಲಾರಿಗೆ ಸಿಕ್ಕ ಕುರಿ, ಹೊಟ್ಟೆಯುಬ್ಬರ ಬಂದ ಕುರಿ, ಯಾವ ಕುರಿ ಈ ಲೋಕ ಬಿಟ್ಟು ಹೊರಟರೂ ನಾನು ನೋಡಿ ಬರೆಯದೆ ಅದರ ಒಡೆಯನಿಗೆ ಪರಿಹಾರವಿಲ್ಲ. ಇಂಥ ನನ್ನ ಬ್ಯಾಗನ್ನು ಒಂದು ವಿಮಾನ ಕಂಪನಿ ಒಡೆದು ಕೈಗೆ ಕೊಟ್ಟಿತು. ಕಂಪನಿಯ ಹೆಸರು ಹೇಳುವುದಿಲ್ಲ. ಅವರಿಗೂ ಮಾನ ಮರ್ಯಾದೆ ಇರುತ್ತದೆ.

"ನೋಡ್ತಾ ಇರು" ಎಂದೆ ಹೆಂಡತಿಗೆ. "ಸತ್ತ ಕುರಿಗೆ ಪರಿಹಾರ ಕೊಡಸಾಂವ ನಾನು. ಒಂದು ಬ್ಯಾಗಿಗೆ ತಗೊಳ್ಳಾಕ ಆಗಂಗಿಲ್ಲೇನು?"

"ಅದು ನಿಮ್ಮ ಬ್ಯಾಗಲ್ಲ" ಎಂದಳು ರೋಜಾ. "ನಮ್ಮಕ್ಕನ ಬ್ಯಾಗು."

ಪೇಚಿದ್ದದ್ದೇ ಅಲ್ಲಿ. ರಾಜಸ್ಥಾನದಲ್ಲಿ ನಡೆಯುವ ಕುರಿ ಸಾಕಣೆ ತರಬೇತಿಗೆ ಇಲಾಖೆ ನನ್ನನ್ನು ಆರಿಸಿತ್ತು. ಸರ್ಕಾರದ ಖರ್ಚಿನಲ್ಲಿ ನಾನು, ನನ್ನ ಖರ್ಚಿನಲ್ಲಿ ರೋಜಾ, ಹೀಗೆ ಇಬ್ಬರೂ ಜೈಪುರಕ್ಕೆ ಹೊರಟೆವು. ನಮ್ಮ ಮನೆಯಲ್ಲಿದ್ದದ್ದು ಸಂತೆಯ ಕೈಚೀಲಗಳು ಮಾತ್ರ. ವಿಮಾನಕ್ಕೆ ಕೈಚೀಲ ಒಯ್ದರೆ ಇಡೀ ಹಡಗಲಿ ತಾಲ್ಲೂಕಿನ ಮಾನ ಏನಾಗಬೇಕು? ರೋಜಾ ಹಗರಿಬೊಮ್ಮನಹಳ್ಳಿಗೆ ಹೋಗಿ ತನ್ನ ಅಕ್ಕ ರೇಖಾಳ ಬ್ಯಾಗು ತಂದಳು. ಕೆಂಪು ಬಣ್ಣದ ಗಟ್ಟಿ ಬ್ಯಾಗು, ಕೆಳಗೆ ನಾಲ್ಕು ಗಾಲಿ. ನನ್ನ ಷಡ್ಡಕ ಮೈಲಾರೇಶನದು ಟೈಲ್ಸ್ ಅಂಗಡಿ. ಅವರ ಮನೆಯ ನುಣುಪು ನೆಲದ ಮೇಲೆ ಆ ಬ್ಯಾಗು ಕೈಬಿಟ್ಟರೂ ತಾನೇ ಓಡಾಡುತ್ತಿತ್ತು.

"ಒಯ್ಯಿ ತಂಗಿ" ಎಂದಿದ್ದಳಂತೆ ರೇಖಾ. "ಆದ್ರ ಒಂದು ಗೀರು ಬೀಳಬಾರದು ನೋಡು. ಅಮಾಸಿ ಆದ ಮ್ಯಾಲ ನಾವೂ ತಿರುಪತಿಗೆ ಹೊಂಟೀವಿ."

ರೋಜಾ ಮಾತು ಕೊಟ್ಟಿದ್ದಳು. ಅಕ್ಕನಿಗೆ ಕೊಟ್ಟ ಮಾತು ಅಂದರೆ ಅವಳಿಗೆ ತಮಾಷೆಯಲ್ಲ. ಚಿಕ್ಕವಳಿದ್ದಾಗ ಅಕ್ಕನ ಗಾಜಿನ ಬಳೆ ಹಾಕಿಕೊಂಡು ಒಡೆದಿದ್ದಳಂತೆ. ರೇಖಾ ಅದನ್ನು ಇವತ್ತಿಗೂ ಪ್ರತಿ ಹಬ್ಬದಲ್ಲಿ, ಹೋಳಿಗೆ ಬಡಿಸುವ ಮುಂಚೆ ನೆನಪಿಸುತ್ತಾಳೆ.

ಮರಳಿ ಬರುವಾಗ ಹುಬ್ಬಳ್ಳಿ ನಿಲ್ದಾಣದಲ್ಲಿ ಬ್ಯಾಗು ತಿರುಗುತ್ತಾ ಬಂತು. ಈ ಕಡೆಯಿಂದ ಚೆನ್ನಾಗಿಯೇ ಇತ್ತು. ಆ ಕಡೆ ತಿರುಗಿದಾಗ ಮೂಲೆಯಿಂದ ಮೂಲೆಗೆ ಬಿರುಕು! ಬಿರುಕಿನಲ್ಲಿ ನನ್ನ ಬನಿಯನ್ ತಲೆ ಹೊರಗೆ ಹಾಕಿ ಬಂದವರಿಗೆಲ್ಲ ಟಾಟಾ ಮಾಡುತ್ತಿತ್ತು. ರೋಜಾ "ಯಪ್ಪಾ, ನಮ್ಮಕ್ಕ" ಎಂದು ಅಲ್ಲೇ ಕುಳಿತಳು.

ನಾನು ಕುಳಿತುಕೊಳ್ಳುವವನಲ್ಲ. ನೇರ ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ ಫೋಟೊ ತೆಗೆದುಕೊಂಡಳು, ಹಾನಿಯ ವರದಿ ಬರೆದುಕೊಂಡಳು. "ಕಂಪನಿಯವರು ವಿಡಿಯೊ ಕಾಲ್ ಮಾಡಿ ಬ್ಯಾಗ್ ನೋಡ್ತಾರೆ ಸರ್. ಅಲ್ಲಿವರೆಗೂ ಹೀಗೇ ಇರಲಿ, ರಿಪೇರಿ ಮಾಡಿಸಬೇಡಿ" ಎಂದಳು.

ನನಗೆ ನಗು ಬಂತು. ಹೇಳುತ್ತಿರುವುದು ಯಾರಿಗೆ? "ತಂಗಿ, ದಿನಾ ಬೆಳಗಾದ್ರ ಕುರಿಗಾರರಿಗೆ ಇದನ್ನ ಹೇಳಾಂವ ನಾನು. ಪಂಚನಾಮಿ ಆಗೋತನಕ ಸತ್ತ ಕುರಿ ಮುಟ್ಟಬಾರದು, ಹೂಳಬಾರದು, ಕಿವಿಯಾಗಿನ ನಂಬರಿನ ಓಲಿ ಕೀಳಬಾರದು." ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.

ಮನೆಗೆ ಬಂದವನೇ ಬ್ಯಾಗನ್ನು ಪಡಸಾಲೆಯ ಮೂಲೆಯಲ್ಲಿ ಮಲಗಿಸಿ, ಮೇಲೆ ಗೋಣಿಚೀಲ ಹೊದಿಸಿದೆ. ವಿಮಾನದವರು ಹಿಡಿಕೆಗೆ ಅಂಟಿಸಿದ್ದ ಚೀಟಿ ಕುರಿಯ ಕಿವಿಯೋಲೆಯಂತೆ ಭದ್ರವಾಗಿತ್ತು. ಯಾರೂ ಮುಟ್ಟಕೂಡದೆಂದು ಆಜ್ಞೆ ಹೊರಡಿಸಿದೆ.

ಇಲ್ಲಿ ನಮ್ಮವ್ವ ಭರಮಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಕುರಿಯ ಹಿಂದೆ ಆಯುಸ್ಸು ಸವೆಸಿದವಳು. ನಮ್ಮ ಮನೆಯಲ್ಲಿ ಕಂಬಳಿ ಎಂದರೆ ಹೊದೆಯುವುದಷ್ಟೇ ಅಲ್ಲ, ಮೈಲಾರಲಿಂಗಪ್ಪನ ಗದ್ದುಗೆ. ಹರಿದ ಕಂಬಳಿ ಮನೆಯಲ್ಲಿ ಒಂದು ರಾತ್ರಿ ಕಳೆಯಬಾರದು ಎಂಬುದು ಅವ್ವನ ನೇಮ. ಕಂಬಳಿಗೆ ಹತ್ತಿದ ಆ ನೇಮ ಕಾಲಕ್ರಮದಲ್ಲಿ ಚಪ್ಪಲಿಗೆ, ಜರಡಿಗೆ, ಕೊನೆಗೆ ಪ್ಲಾಸ್ಟಿಕ್ ಕೊಡಕ್ಕೂ ಹಬ್ಬಿತ್ತು.

"ಮನ್ಯಾಗ ಹೆಣ ಇಟ್ಟಂಗ ಇಟ್ಟೀಯಲ್ಲೋ" ಎಂದಳು ಅವ್ವ.

"ಕಂಪನಿಯೋರು ನೋಡ್ಲಿ ತಡಿಬೇ."

"ಒಡದ ಸಾಮಾನು ಮುಂದಿಟ್ಕಂಡು ಉಣ್ಣಾಕ ಕುಂದ್ರತೀಯಲ್ಲ, ನಿನಗ ರೊಟ್ಟಿ ಹೆಂಗ ಇಳೀತೈತಿ?"

ರೊಟ್ಟಿ ಚೆನ್ನಾಗಿಯೇ ಇಳಿಯುತ್ತಿತ್ತು. ಇಳಿಯದೆ ಇದ್ದದ್ದು ರೋಜಾಳಿಗೆ. "ರೀ, ಹೊಸಪೇಟಿಗೆ ಹೋಗಿ ಅಂಥದ್ದ ಒಂದು ತಂದು ಅಕ್ಕಗ ಕೊಟ್ಟುಬಿಡೂಣು. ಅಮಾಸಿ ಹತ್ರ ಬಂತು."

"ಬ್ಯಾಗು ಒಡದಾಂವ ಬಿಟ್ಟು ನಾವ್ಯಾಕ ತರಬೇಕು? ವಿಮಾನದೋರ ಕಡಿಂದನ ಹೊಸಾ ಬ್ಯಾಗ ತರಿಸಿ ನಿಮ್ಮಕ್ಕನ ಕೈಯಾಗ ಇಡ್ತೀನಿ. ಷಡ್ಡಕ ಬಾಯಿ ತಕ್ಕೊಂಡು ನೋಡಬೇಕು."

"ಷಡ್ಡಕನ ಬಾಯಿ ತಗೊಂಡು ನಾನೇನ್ ಮಾಡ್ಲಿ? ಅಕ್ಕನ ಮುಂದ ತಲಿ ತಗ್ಗಿಸಿ ನಿಂದ್ರಬೇಕಾದಾಕಿ ನಾನು."

ನಾನು ಕಂಪನಿಗೆ ಇಮೇಲ್ ಮೇಲೆ ಇಮೇಲ್ ಬರೆದೆ. ಅವರು ಪ್ರತಿಯೊಂದಕ್ಕೂ ತೀವ್ರವಾಗಿ ವಿಷಾದಿಸಿದರು. ನಮ್ಮ ಸೋದರಮಾವ ತೀರಿಕೊಂಡಾಗಲೂ ಯಾರೂ ಅಷ್ಟು ವಿಷಾದಿಸಿರಲಿಲ್ಲ. ಕೊನೆಗೊಂದು ದಿನ, ಸಂಜೆ ವಿಡಿಯೊ ಕಾಲ್ ಮಾಡುವುದಾಗಿ ತಿಳಿಸಿದರು. ಅದೇ ಮಧ್ಯಾಹ್ನ ರೇಖಾಳ ಫೋನೂ ಬಂತು. ಮರುದಿನ ಮುಂಜಾನೆ ಗಂಡ ಹೆಂಡತಿ ಬ್ಯಾಗು ಒಯ್ಯಲು ಬರುತ್ತಾರಂತೆ.

ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಫೋನನ್ನು ತಂಬಿಗೆಗೆ ಆನಿಸಿ ಕುಳಿತೆ. ಪರದೆಯ ಮೇಲೆ ಕಂಪನಿಯ ಹೆಣ್ಣುಮಗಳು ಮೂಡಿದಳು.

"ಪಾಲಾಕ್ಷಪ್ಪ ಅವರಾ? ನಾನು ಮೇಘಾ. ಬ್ಯಾಗ್ ತೋರಿಸ್ತೀರಾ ಸರ್?"

"ತೋರಸ್ತೀನ್ರಿ ಮೇಡಂ. ಎದಿ ಗಟ್ಟಿ ಮಾಡ್ಕೊಳ್ರಿ."

ಗೋಣಿಚೀಲವನ್ನು ಸರ್ರನೆ ಎಳೆದು, ಮುಖವನ್ನು ಶೋಕದಲ್ಲಿಟ್ಟುಕೊಂಡು ಮೇಡಂ ಕಡೆ ನೋಡಿದೆ. ಮೇಡಂ ಮುಖ ಅರಳಿತು.

"ತುಂಬಾ ಚೆನ್ನಾಗಿದೆ ಸರ್."

"ಏನ್ರೀ?"

"ಈ ಡಿಸೈನು. ಡ್ಯಾಮೇಜ್ ಯಾವ ಕಡೆ ಇದೆ?"

ತಿರುಗಿ ನೋಡಿದೆ. ಬಿರುಕಿನುದ್ದಕ್ಕೂ ಕರಿ ಉಣ್ಣೆಯ ಹೊಲಿಗೆ! ಹೆಣ್ಣುಮಕ್ಕಳ ಜಡೆ ಹೆಣೆದ ಹಾಗೆ ಒತ್ತೊತ್ತಾಗಿ, ಓರೆಕೋರೆಯಿಲ್ಲದೆ ಮೂಲೆಯಿಂದ ಮೂಲೆಗೆ ಹೋಗಿತ್ತು. ತುದಿಯಲ್ಲಿ ಪುಟ್ಟದೊಂದು ಗೊಂಡೆ. ಅದರ ಮೇಲೆ ಮೈಲಾರಲಿಂಗಪ್ಪನ ಚಿಟಿಕೆ ಅರಿಶಿನ ಭಂಡಾರವನ್ನೂ ಹಚ್ಚಿದ್ದರು.

"ಯವ್ವಾ!" ಎಂದು ಕೂಗಿದೆ.

ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. "ಹ್ಞೂಂ, ನಾನ ಹೊಲದೆ. ನೀನು ಆಸ್ಪತ್ರಿಗೆ, ರೋಜಾ ಅಂಗನವಾಡಿಗೆ ಹೋದ್ರಿ. ದಬ್ಬಣ ಕಾಸಿ ತೂತು ಹೊಡದು ಹೊಲದೀನಿ. ಇನ್ನ ನೀರು ತುಂಬಿದ್ರೂ ಸೋರಂಗಿಲ್ಲ."

"ಬ್ಯಾಗಿನಾಗ ಯಾರಬೇ ನೀರು ತುಂಬ್ತಾರ? ಪರಿಹಾರ ಹೋತಲ್ಲ."

ಅವ್ವ ನನ್ನನ್ನು ಸರಿಸಿ ಫೋನಿನ ಮುಂದೆ ಬಗ್ಗಿದಳು. "ನೋಡವ್ವಾ, ನೀನೇನು ಹೆದರಬ್ಯಾಡ. ಒಡದದ್ದಕ್ಕ ನನ್ನ ಮಗ ನಿಮ್ಮ ಜೀವ ತಿಂತಿದ್ದ. ಎಲ್ಲಾ ಸರಿ ಮಾಡೀನಿ."

"ಥ್ಯಾಂಕ್ಸ್ ಅಜ್ಜಿ" ಎಂದಳು ಮೇಘಾ, ಮನಸಾರೆ.

"ಒಂದು ನಿಮಿಷ ತಡೀರಿ ಮೇಡಂ, ಬಿಚ್ಚಿ ತೋರಸ್ತೀನಿ" ಎಂದು ಕತ್ತರಿ ಹಿಡಿದೆ. ಅವ್ವ ಬ್ಯಾಗನ್ನು ಮರಿಯನ್ನು ಅವುಚಿಕೊಂಡ ಹಾಗೆ ಅವುಚಿಕೊಂಡಳು. "ಬಿಚ್ಚಿ ನೋಡು. ಇವತ್ತಿಂದ ನನ್ನ ಕೈಯಾನ ರೊಟ್ಟಿ ಮರತುಬಿಡು."

ಪರಿಹಾರವೋ ರೊಟ್ಟಿಯೋ ಎಂಬ ಪ್ರಶ್ನೆ ಎದುರಾದಾಗ ಈ ಸೀಮೆಯ ಗಂಡಸು ಏನು ಮಾಡುತ್ತಾನೋ ಅದನ್ನೇ ನಾನೂ ಮಾಡಿದೆ. ಕತ್ತರಿ ಕೆಳಗಿಟ್ಟೆ. "ಬ್ಯಾಗ್ ಸುಸ್ಥಿತಿಯಲ್ಲಿದೆ ಅಂತ ಬರ್ಕೊಳ್ತೀನಿ ಸರ್. ಏರ್‌ಪೋರ್ಟಿನ ಫೋಟೊ ಮೇಲಿನವರಿಗೆ ಕಳಿಸಿ ನೋಡ್ತೀನಿ, ಭರವಸೆ ಕೊಡೋಕಾಗಲ್ಲ" ಎಂದು ಮೇಘಾ ಫೋನಿಟ್ಟಳು.

ಸ್ವಲ್ಪ ಹೊತ್ತಿಗೆ ರೋಜಾ ಬಂದಳು. ಬ್ಯಾಗು ನೋಡಿದಳು, ಕತ್ತರಿ ನೋಡಿದಳು, ನನ್ನನ್ನು ನೋಡಿದಳು.

"ನೀವ ಹೇಳ್ತೀರಲ್ರಿ, ಹೆಣ ಹೂತ ಮ್ಯಾಲ ಪಂಚನಾಮಿ ಇಲ್ಲ ಅಂತ." ಅವಳು ನಗಲಿಲ್ಲ. "ಒಂದು ಗೀರು ಬೀಳಬಾರದು ಅಂದಿದ್ಲು ಅಕ್ಕ. ಇದು ಗೀರೇನ್ರಿ? ಮೊಳದುದ್ದ ಜಡಿ ಐತಿ."

ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ಕೆಟ್ಟದೆನಿಸಿತು. ನನ್ನ ಜಂಬಕ್ಕೆ ಅವಳ ಮಾನ ಒತ್ತೆ ಇಟ್ಟಿದ್ದೆ. "ನಾಳೆ ಮೊದಲನೇ ಬಸ್ಸಿಗೆ ಹೊಸಪೇಟಿಗೆ ಹೋಗ್ತೀನಿ. ಅವರು ಬರೋದ್ರಾಗ ಹೊಸಾ ಬ್ಯಾಗ ತರ್ತೀನಿ" ಎಂದೆ.

ಮರುದಿನ ನಾನು ಚಪ್ಪಲಿ ಮೆಟ್ಟುವಾಗಲೇ ಬಾಗಿಲಲ್ಲಿ ಕಾರು ನಿಂತಿತು. ಷಡ್ಡಕನಿಗೆ ಬಿಸಿಲೇರುವ ಮುಂಚೆ ಊರು ಸೇರುವ ಆತುರ. ನಾನು ಬ್ಯಾಗಿಗೆ ಅಡ್ಡ ನಿಂತು, "ಬರ್ರಿ ಬರ್ರಿ, ಮಳಿ ಆತೇನ್ರಿ ನಿಮ್ಮ ಕಡಿ?" ಎಂದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಅಷ್ಟರಲ್ಲಿ ಅವ್ವ ನನ್ನ ಬೆನ್ನ ಹಿಂದಿನಿಂದ ಬ್ಯಾಗು ಎಳೆದು ನಡುಮನೆಗೆ ತಂದೇಬಿಟ್ಟಳು.

"ತಗಾ ರೇಖಾ. ವಿಮಾನದಾಗ ಒಡದಿತ್ತು, ಹೊಲದೀನಿ."

ರೋಜಾ ಕಂಬ ಹಿಡಿದು ನಿಂತಳು. ರೇಖಾ ನೆಲದ ಮೇಲೆ ಕುಳಿತು ಆ ಹೊಲಿಗೆಯ ಮೇಲೆ ನಿಧಾನವಾಗಿ ಬೆರಳಾಡಿಸಿದಳು. ಬಳೆಯ ಕಥೆ ಈಗ ಬಂತು, ಈಗ ಬಂತು ಎಂದು ನಾನು ಕಾದೆ.

"ಅತ್ತಿ, ಇದು ಕಂಬಳಿ ಅಂಚಿಗೆ ಹಾಕೋ ಹೊಲಿಗಿ ಅಲ್ಲೇನು?"

"ಹ್ಞೂಂನವ್ವಾ."

"ನಮ್ಮವ್ವ ಹಾಕ್ತಿದ್ಲು. ಆಕಿ ಹೋದ ಮ್ಯಾಲ ಇದನ್ನ ನೋಡೇ ಇಲ್ಲ ನಾನು." ರೇಖಾ ತಂಗಿಯ ಕಡೆ ತಿರುಗಿದಳು. "ರೋಜಿ, ಬಾ ಇಲ್ಲಿ. ನೋಡಲೇ, ಗೊಂಡೆ ಸೈತ ಹಂಗ ಐತಿ."

ರೋಜಾ ಬಂದು ಪಕ್ಕದಲ್ಲಿ ಕುಳಿತಳು. ಅಕ್ಕತಂಗಿಯರಿಬ್ಬರೂ ತಮ್ಮ ಅವ್ವನನ್ನು ನೆನೆಸಿಕೊಂಡು ಅತ್ತರು, ಆಮೇಲೆ ನಕ್ಕರು. ಮೈಲಾರೇಶ ಬ್ಯಾಗನ್ನು ಒಮ್ಮೆ ಆ ಕಡೆ ಈ ಕಡೆ ಓಡಿಸಿ, "ಗಾಲಿ ತಿರುಗತಾವಲ್ಲ, ಸಾಕು ಬಿಡು" ಎಂದು ಉಪ್ಪಿಟ್ಟಿಗೆ ಕೈಹಾಕಿದ. ಬ್ಯಾಗು ತಿರುಪತಿಗೆ ಹೋಯಿತು. ರೋಜಾ ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ನನಗೂ ಹಗುರಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಅಲ್ಪಸ್ವಲ್ಪ ಉಳಿಯುತ್ತಿತ್ತು. ಆದರೆ ಎಲ್ಲರೂ ಮರೆತ ಮೇಲೆ ಕಂಪನಿಯಿಂದ ಇಮೇಲ್ ಬಂತು. ನಿಲ್ದಾಣದ ಫೋಟೊ ಪರಿಶೀಲಿಸಿ ನನ್ನ ಬೇಡಿಕೆ ಒಪ್ಪಿದ್ದರು. ಅಂಥದ್ದೇ ಹೊಸ ಬ್ಯಾಗು ಕೊಡುತ್ತಾರೆ, ಒಡೆದದ್ದನ್ನು ಹುಬ್ಬಳ್ಳಿ ಕೌಂಟರಿಗೆ ಒಪ್ಪಿಸಬೇಕು. ಅಷ್ಟೇ ಷರತ್ತು.

ಗೆದ್ದೆ! ಕೂಡಲೇ ರೇಖಾಳಿಗೆ ಫೋನ್ ಹಚ್ಚಿ, "ಅಕ್ಕಾರ, ಹಳೇ ಬ್ಯಾಗ ಕಳಸ್ರಿ, ಹೊಸಾದು ಕೊಡಸ್ತೀನಿ" ಎಂದೆ, ಗಂಟಲು ಸರಿಮಾಡಿಕೊಂಡು.

"ಹೊಸಾದು ನೀವ ಇಟ್ಕೊಳ್ರಿ. ಇದನ್ನ ಕೊಡಂಗಿಲ್ಲ."

"ಹಳೇದು ಕೊಟ್ರನ ಹೊಸಾದು ಬರೋದ್ರಿ."

"ಹಂಗಾದ್ರ ಬರೋದ ಬ್ಯಾಡ."

ಮೈಲಾರೇಶ ಫೋನ್ ಕಸಿದುಕೊಂಡ. "ಪಾಲಾಕ್ಷ, ಆ ಮಾತು ಬಿಡೋ ಮಾರಾಯ. ತಿರುಪತಿ ತುಂಬಾ ಆ ಹೊಲಿಗಿ ತೋರಿಸಿಕೋತ ಅಡ್ಡಾಡ್ಯಾಳ. ಇನ್ನೊಮ್ಮಿ ಕೇಳಿದ್ರ ನನಗ ಊಟ ಹಾಕಂಗಿಲ್ಲ."

ಹೀಗಾಗಿ, ಪರಿಹಾರದ ಹುಲಿಯಾದ ನಾನು ನನ್ನ ಕೈಯಾರೆ ಕಂಪನಿಗೆ ಬರೆಯಲು ಕುಳಿತೆ. ಬ್ಯಾಗು ಚೆನ್ನಾಗಿದೆ, ಪರಿಹಾರ ಬೇಡ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ಏನು ಬರೆಯುತ್ತಿದ್ದೀ ಎಂದು ಕೇಳಿದಳು. ಹೇಳಿದೆ.

"ಅಷ್ಟ ಬರದ್ರ ಹೆಂಗ? ಪಾಪ, ಅವರು ಒಡದದ್ದು ಇನ್ನೂ ಬಾಳ ಇರಬೇಕು. ಇದ್ರ ಕಳಸ್ರಿ, ನಮ್ಮವ್ವ ಹೊಲದು ಕೊಡತಾಳ ಅಂತನೂ ಬರಿ."

ಹೊಟ್ಟೆಯುರಿಗೆ ಅದನ್ನೂ ಬರೆದೆ. ಮರುದಿನವೇ ಉತ್ತರ ಬಂತು. ಕಂಪನಿಯಿಂದಲ್ಲ, ಮೇಘಾಳ ಸ್ವಂತ ವಿಳಾಸದಿಂದ. ನನ್ನ ಹಿರಿದಾದ ಮನಸ್ಸನ್ನು ಮೆಚ್ಚಿಕೊಂಡಿರಬಹುದೆಂದು ರೋಜಾಳನ್ನು ಕೂಗಿ ಕರೆದು, ಗಟ್ಟಿಯಾಗಿ ಓದಿದೆ:

"ಸರ್, ನೀವು ಬೇಡ. ಅಜ್ಜಿ ಫೋನ್ ನಂಬರ್ ಕೊಡಿ. ನನ್ನ ಬ್ಯಾಗೂ ಒಡೆದಿದೆ."