ಮತ್ತೋಡಿನ ಹದ್ದು ಒಪ್ಪಂದ

ಎಪ್ಪತ್ನಾಲ್ಕನೇ ಇಸವಿಯಲ್ಲಿ ಹೊಸದುರ್ಗದ ಕಡೆ ಮಳೆ ರಾತ್ರಿ ಹೊತ್ತು ಬಂದು ಬೆಳಗಾಗುವಷ್ಟರಲ್ಲಿ ಹೋಗಿಬಿಡುತ್ತಿತ್ತು. ಹೀಗಾಗಿ ಜನ ಛತ್ರಿ ಬಿಚ್ಚುವುದನ್ನೇ ಬಿಟ್ಟರು. ಬಸ್ ಸ್ಟ್ಯಾಂಡಿನ ಪಕ್ಕ ಛತ್ರಿ ರಿಪೇರಿ ಮಾಡುತ್ತಿದ್ದ ಉಸ್ಮಾನ್ ಸಾಬ್ ಕೈ ಖಾಲಿ ಇರುವುದನ್ನು ತಾಳಲಾರದೆ ಹಳೇ ಛತ್ರಿ ಬಟ್ಟೆ, ಕಡ್ಡಿ, ಬಿದಿರು ಸೇರಿಸಿ ಹದ್ದಿನಾಕಾರದ ಒಂದು ಗಾಳಿಪಟ ಮಾಡಿ ಹಾರಿಸಿದ. ಅದನ್ನು ಮತ್ತೋಡಿನ ಈರಬಸಪ್ಪ ನೋಡಿದ. ತೊಂದರೆ ಶುರುವಾದದ್ದು ಅಲ್ಲಿಂದ.

ಈರಬಸಪ್ಪ ಆ ವರ್ಷ ಗ್ರಾಮಸೇವಕರ ಮಾತು ಕೇಳಿ ಮೊದಲ ಸಲ ಸೂರ್ಯಕಾಂತಿ ಹಾಕಿದ್ದ. ಕಾಳು ಕಟ್ಟುವ ಹೊತ್ತಿಗೆ ಸುತ್ತಲಿನ ಗಿಳಿಗಳೆಲ್ಲ ಮದುವೆ ಊಟಕ್ಕೆ ಬಂದ ಬೀಗರ ಹಾಗೆ ಬಂದಿಳಿದಿದ್ದವು. ಅವನು ಹದ್ದನ್ನು ತಂದು ಜಾಲಿ ಮರಕ್ಕೆ ದಾರ ಕಟ್ಟಿ ಬಿಟ್ಟು ಮನೆಗೆ ಹೋಗಿ ಮಲಗಿದ. ಶ್ರಾವಣದ ಗಾಳಿಗೆ ಹದ್ದು ದಿನವಿಡೀ ತಾನೇ ಸುತ್ತಿತು. ಗಿಳಿಗಳು ಎದ್ದು, ಅವನಂತೆಯೇ ಸೂರ್ಯಕಾಂತಿ ಹಾಕಿದ್ದ ಬೀರಪ್ಪನ ಹೊಲಕ್ಕೆ ಹೋದವು. ಬೀರಪ್ಪ ಸುಮ್ಮನಿದ್ದಾನೆಯೇ? ಮಾರನೇ ದಿನವೇ ಹೊಸದುರ್ಗಕ್ಕೆ ಹೋಗಿ, ಇನ್ನೂ ಒಂದು ಮೊಳ ದೊಡ್ಡದಾದ, ಸಿಳ್ಳೆ ಹೊಡೆಯುವ ಹದ್ದನ್ನು ಮಾಡಿಸಿ ತಂದ. ಈರಬಸಪ್ಪ ತನ್ನದಕ್ಕೆ ತಗಡಿನ ಡಬ್ಬಿ ಕಟ್ಟಿಸಿದ. ಅದರೊಳಗೆ ಉರಿಯುವ ಹುರಿಹಗ್ಗ, ಹಗ್ಗಕ್ಕೆ ಗೇಣಿಗೊಂದು ಪಟಾಕಿ. ಅರ್ಧ ಗಂಟೆಗೊಂದು ಸಲ ಆಕಾಶದಲ್ಲಿ ಢಂ ಎನ್ನುವುದು. ಬೀರಪ್ಪನೂ ಡಬ್ಬಿ ಕಟ್ಟಿಸಿದ. ಒಂದು ಪಟಾಕಿ ಜಾರಿ ಸಿದ್ದಕ್ಕನ ಕೋಳಿಗೂಡಿನ ಮೇಲೆ ಬಿದ್ದಿತು; ಅವಳ ಕೋಳಿಗಳು ಅವತ್ತಿನಿಂದ ಮೊಟ್ಟೆ ಇಡುವುದನ್ನು ನಿಲ್ಲಿಸಿದವು.

ಇಬ್ಬರ ನಡುವೆ ಸಿಕ್ಕಿಕೊಂಡವನು ಪೋಸ್ಟ್ ಮಾಸ್ತರ್ ಜಂಪಣ್ಣ. ಅವನ ಹೆಂಡತಿ ಏಕನಾಥಮ್ಮನಿಗೆ ತವರಿನಿಂದ ಬಂದ ಒಂದೆಕರೆ ಹೊಲ ಆ ಎರಡು ಹೊಲಗಳ ಮಧ್ಯದಲ್ಲಿತ್ತು. ಎಡಗಡೆಯಿಂದ ಓಡಿಸಿದ ಗಿಳಿ, ಬಲಗಡೆಯಿಂದ ಓಡಿಸಿದ ಗಿಳಿ ಎಲ್ಲ ಅಲ್ಲಿಗೇ ಬಂದು ನೆಮ್ಮದಿಯಾಗಿ ಉಣ್ಣುತ್ತಿದ್ದವು.

ಊರಿಗೆ ಬರುತ್ತಿದ್ದ ಒಂದೇ ಒಂದು ಪತ್ರಿಕೆ ಜಂಪಣ್ಣನದು. ಅಮೆರಿಕ, ರಷ್ಯಾಗಳು ಶಸ್ತ್ರ ಕಡಿಮೆ ಮಾಡಲು ಮೇಜಿನ ಸುತ್ತ ಕೂತದ್ದನ್ನೂ, ಆಳೇ ಇಲ್ಲದೆ ಹಾರುವ ವಿಮಾನಗಳು ಯುದ್ಧಕ್ಕೆ ಬಂದದ್ದನ್ನೂ ಅವನು ಅದರಲ್ಲಿ ಓದಿದ್ದ. ಅಷ್ಟು ದೊಡ್ಡವರೇ ಕೂತು ಮಾತಾಡಬಹುದಾದರೆ ಮತ್ತೋಡಿನವರಿಗೆ ಏನು ರೋಗ ಅಂತ ಅವನಿಗೆ ಅನ್ನಿಸಿತು. ಒಂದು ವಾರ ಇಬ್ಬರ ಮನೆಗೂ ಅಲೆದು, ಒಂದು ಭಾನುವಾರ ಬೆಳಿಗ್ಗೆ ತನ್ನ ಮನೆಯ ಜಗಲಿಯಲ್ಲಿ ಸಭೆ ಸೇರಿಸಿದ. ಪೋಸ್ಟಾಫೀಸು ಇದ್ದದ್ದೂ ಅದೇ ಜಗಲಿಯಲ್ಲೇ. ಮಾಜಿ ಚೇರ್ಮನ್ ಗೋವಿಂದಪ್ಪ ಅಧ್ಯಕ್ಷರು. ಉಸ್ಮಾನ್ ಸಾಬನನ್ನು ತಜ್ಞನೆಂದು ಕರೆಸಲಾಗಿತ್ತು. ಸಿದ್ದಕ್ಕನನ್ನು ಯಾರೂ ಕರೆದಿರಲಿಲ್ಲ, ಆದರೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು.

ಜಂಪಣ್ಣ ತಾನು ಚೆಂದದ ಅಕ್ಷರದಲ್ಲಿ ಬರೆದುಕೊಂಡು ಬಂದ ಒಪ್ಪಂದದ ಮೊದಲ ಕಲಮು ಓದಿದ: ‘ಆಳಿಲ್ಲದೆ ಹೊಲ ಕಾಯುವ ಯಾವ ಸಾಧನವನ್ನೂ ಉಭಯ ಪಕ್ಷದವರು ಬಳಸತಕ್ಕದ್ದಲ್ಲ.’

ಓದಿ ಮುಗಿಸುವಷ್ಟರಲ್ಲಿ ಸಿದ್ದಕ್ಕ ಬೆರ್ಚಪ್ಪನ ವಿಷಯ ಎತ್ತಿದಳು. ಕೋಲಿಗೆ ಅಂಗಿ ತೊಡಿಸಿ ಹೊಲದಲ್ಲಿ ನಿಲ್ಲಿಸಿದ ಬೆರ್ಚಪ್ಪನಲ್ಲೂ ಆಳಿಲ್ಲವಲ್ಲ, ಹಾಗಾದರೆ ಊರಿನ ಬೆರ್ಚಪ್ಪಗಳನ್ನೆಲ್ಲ ಕೀಳಬೇಕೋ ಎಂದು ಅವಳ ಪ್ರಶ್ನೆ. ಈ ಬಗ್ಗೆ ಒಂದು ಗಂಟೆ ವಾದ ನಡೆದು, ಬೆರ್ಚಪ್ಪ ಹಾರುವುದಿಲ್ಲವಾದ್ದರಿಂದ ಅವನನ್ನು ಬಿಡುವುದೆಂದು ತೀರ್ಮಾನವಾಯಿತು. ‘ಹಾರುವ’ ಎಂಬ ಮಾತನ್ನು ಸೇರಿಸಿದರು. ಆಗ ಬೀರಪ್ಪ ಎದ್ದ.

“ಮಾಸ್ತರ್ರೇ, ನನ್ನ ಹದ್ದಿಗೆ ದಾರ ಐತೆ. ದಾರದ ತುದೀಗೆ ನಾನಿದೀನಿ. ಆಳಿಲ್ಲದ್ದು ಹೆಂಗಾಗ್ತತೆ ಅದು?”

“ನೀನೆಲ್ಲಿದೀಯಪ್ಪ,” ಎಂದ ಈರಬಸಪ್ಪ, “ದಾರ ಬೇವಿನ ಮರಕ್ಕೆ ಕಟ್ಟಿರ್ತೀಯ, ನೀನು ಮನೇಲಿ ಗೊರಕೆ ಹೊಡೀತಿರ್ತೀಯ.”

ಇಬ್ಬರೂ ಪರಸ್ಪರರ ಗೊರಕೆಯ ಬಗ್ಗೆ ಸಾಕಷ್ಟು ಮಾತಾಡಿದ ಮೇಲೆ, ಮರಕ್ಕೆ ಕಟ್ಟಿದ ಹದ್ದು ಆಳಿಲ್ಲದ ಹದ್ದೇ ಎಂದು ಗೋವಿಂದಪ್ಪ ತೀರ್ಪು ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆಯವರು ತಮ್ಮ ಹದ್ದುಗಳನ್ನು ತಂದು ಪೋಸ್ಟಾಫೀಸಿನ ಬೆಂಚಿನ ಕೆಳಗೆ ಇಡಬೇಕೆಂದಾಯಿತು. ಈರಬಸಪ್ಪ ಒಂದನ್ನು ತಂದ. ಬೀರಪ್ಪ ಒಂದನ್ನು ತಂದ. ಇಬ್ಬರೂ ಒಬ್ಬರನ್ನೊಬ್ಬರು ನಂಬಲಿಲ್ಲ.

ಹೀಗಾಗಿ ತಪಾಸಣೆ ಮಾಡುವುದು ಜಂಪಣ್ಣನ ಪಾಲಿಗೆ ಬಂತು. ಬೀರಪ್ಪನ ಮನೆಯ ಕಣಜದಲ್ಲಿ ಇಣುಕಿ ತಲೆಗೆ ಜೇಡರ ಬಲೆ ಸುತ್ತಿಕೊಂಡು ಬಂದ. ಈರಬಸಪ್ಪನ ಅಟ್ಟ ಹತ್ತಿದಾಗ ಕರಿ ಬಟ್ಟೆಯ ಇನ್ನೊಂದು ಹದ್ದು ಸಿಕ್ಕಿತು. ಈರಬಸಪ್ಪ ಒಂದಿಷ್ಟೂ ಅಳುಕದೆ, ಅದು ತನ್ನ ಛತ್ರಿ ಎಂದ. ಛತ್ರಿಗೆ ಕೊಕ್ಕು ಯಾಕೆ ಎಂದು ಬೀರಪ್ಪ ಕೇಳಿದ. ತಜ್ಞನನ್ನು ಕೇಳಲಾಯಿತು. ಉಸ್ಮಾನ್ ಸಾಬ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಬಾಲ ಇದ್ರೆ ಹದ್ದು, ತೆಗೆದ್ರೆ ಛತ್ರಿ. ಎರಡಕ್ಕೂ ಅದೇ ಬಟ್ಟೆ, ಅದೇ ಕಡ್ಡಿ. ನನ್ನನ್ನೇನು ಕೇಳ್ತೀರಿ, ನಾನು ಎರಡನ್ನೂ ಮಾಡ್ತೀನಿ.”

ಜಂಪಣ್ಣ ಬಾಲವನ್ನು ವಶಪಡಿಸಿಕೊಂಡು, ಛತ್ರಿಯನ್ನು ಮಾಲೀಕನಿಗೆ ಬಿಟ್ಟುಕೊಟ್ಟ.

ಎಲ್ಲರೂ ಜಗಲಿಗೆ ವಾಪಸಾಗಿ ಇನ್ನೇನು ಸಹಿ ಹಾಕಬೇಕು, ಅಷ್ಟರಲ್ಲಿ ಬೆಂಚಿನ ಕೆಳಗಿನಿಂದ ಹೊಗೆ ಬಂತು. ಬೀರಪ್ಪ ಗಡಿಬಿಡಿಯಲ್ಲಿ ಹದ್ದು ತಂದಿದ್ದನೇ ಹೊರತು ಡಬ್ಬಿಯ ಹಗ್ಗ ಆರಿಸಿರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಗೋವಿಂದಪ್ಪನವರು, ಮೂವತ್ತು ವರ್ಷದಿಂದ ಮಂಡಿನೋವು ಎಂದು ಯಾರಾದರೂ ಕೈ ಹಿಡಿಯದೆ ಮೆಟ್ಟಿಲು ಹತ್ತದವರು, ಒಂದೇ ನೆಗೆತಕ್ಕೆ ಜಗಲಿಯಿಂದ ಬೀದಿಗೆ ಇಳಿದರು. ಟಪಾಲು ಚೀಲವನ್ನು ಕಾಪಾಡಲು ಜಂಪಣ್ಣ ಅದನ್ನು ತಬ್ಬಿಕೊಂಡು ಡಬ್ಬಿಯನ್ನು ಕಾಲಿನಲ್ಲಿ ಒದ್ದ. ಡಬ್ಬಿ ಹೋಗಲಿಲ್ಲ, ಪಂಚೆಗೆ ಸಿಕ್ಕಿಕೊಂಡಿತು. ಮೂರು ಪಟಾಕಿ ಒಂದರ ಹಿಂದೊಂದು ಸಿಡಿದವು. ಪತ್ರಗಳಿಗೆ ಏನೂ ಆಗಲಿಲ್ಲ. ಪಂಚೆಯಲ್ಲಿ ಮಾತ್ರ ಹಿಂದುಗಡೆ ರೊಟ್ಟಿ ಅಗಲದ ತೂತು ಬಿತ್ತು.

ಆದರೂ ಜಂಪಣ್ಣ ಪಟ್ಟು ಬಿಡಲಿಲ್ಲ. ತೂತಿನ ಮೇಲೆ ಟವೆಲು ಸುತ್ತಿಕೊಂಡೇ ಇಬ್ಬರ ಕೈಯಲ್ಲೂ ಸಹಿ ಹಾಕಿಸಿದ. ಗೋವಿಂದಪ್ಪ ಬೀದಿಯಲ್ಲಿ ನಿಂತುಕೊಂಡೇ ಸಾಕ್ಷಿ ಹಾಕಿದರು. ಸಿದ್ದಕ್ಕ ಕೋಳಿಗಳ ಪರವಾಗಿ ಹೆಬ್ಬೆಟ್ಟು ಒತ್ತಿದಳು. ಈರಬಸಪ್ಪ, ಬೀರಪ್ಪ ಎಲೆ ಅಡಿಕೆ ಹಂಚಿಕೊಂಡರು. ಜಂಪಣ್ಣನಿಗೆ ಕಣ್ಣು ತುಂಬಿ ಬಂತು. ಮೇಜಿನ ಸುತ್ತ ಕೂತ ದೊಡ್ಡ ದೊಡ್ಡವರಿಗೆ ವರ್ಷಗಟ್ಟಲೆ ಆಗದ್ದನ್ನು ತಾನು ಒಂದು ಬೆಂಚಿನ ಮೇಲೆ ಒಂದೇ ದಿನದಲ್ಲಿ ಮಾಡಿದೆನೆಂದು ಎದೆ ಉಬ್ಬಿತು.

ಆಗ ಆಕಾಶದಲ್ಲಿ ಸಿಳ್ಳೆ ಕೇಳಿಸಿತು.

ಎಲ್ಲರೂ ತಲೆ ಎತ್ತಿದರು. ಹೊಲಗಳ ಮೇಲೆ ಒಂದು ಹದ್ದು ಸುತ್ತುತ್ತಿತ್ತು. ಅಂಥ ಹದ್ದನ್ನು ಯಾರೂ ನೋಡಿರಲಿಲ್ಲ. ಜೋಡೆತ್ತಿನ ಗಾಡಿಯ ಅಗಲ, ಎರಡು ಸಿಳ್ಳೆ, ಎರಡು ಡಬ್ಬಿ, ಬಿಸಿಲಿಗೆ ಮಿಂಚುವ ಕನ್ನಡಿ ಚೂರಿನ ಕಣ್ಣು. ಈರಬಸಪ್ಪ ಬೀರಪ್ಪನ ಕೊರಳಪಟ್ಟಿ ಹಿಡಿದ. ಬೀರಪ್ಪ ಈರಬಸಪ್ಪನ ಕೊರಳಪಟ್ಟಿ ಹಿಡಿದ. ಎಲೆ ಅಡಿಕೆ ಇನ್ನೂ ಇಬ್ಬರ ಬಾಯಲ್ಲೇ ಇತ್ತು. ಒಪ್ಪಂದ ಮುರಿದವನನ್ನು ಕೈಯಾರೆ ಹಿಡಿಯುತ್ತೇನೆಂದು ಜಂಪಣ್ಣ ಟವೆಲು ಬಿಗಿದುಕೊಂಡು ಮುಂದೆ ಓಡಿದ. ಹಿಂದೆ ಊರೇ ಓಡಿತು. ಉಸ್ಮಾನ್ ಸಾಬ್ ಮಾತ್ರ ಎಲ್ಲರಿಗಿಂತ ಹಿಂದೆ, ನಿಧಾನವಾಗಿ, ಚಪ್ಪಲಿ ಹಾಕಿಕೊಂಡು ಬಂದ.

ಹದ್ದಿನಿಂದ ಇಳಿದ ದಾರ ಈರಬಸಪ್ಪನ ಹೊಲವನ್ನು ದಾಟಿತು, ಬೀರಪ್ಪನ ಹೊಲವನ್ನು ಮುಟ್ಟಲಿಲ್ಲ. ನಡುವಿನ ಹೊಲದ ಬದುವಿನಲ್ಲಿ ಒಂದು ಗೂಟಕ್ಕೆ ಬಿಗಿದಿತ್ತು. ಗೂಟದ ಪಕ್ಕ ಏಕನಾಥಮ್ಮ ಕೂತು ಸೊಪ್ಪು ಸೋಸುತ್ತಿದ್ದಳು.

ಜಂಪಣ್ಣ ಟವೆಲು ಸರಿಮಾಡಿಕೊಂಡ. ತಾನು ಬೆಳಗ್ಗಿನಿಂದ ಏನು ಮಾಡುತ್ತಿದ್ದೆ ಎಂದು ಗೊತ್ತಿಲ್ಲವೇ, ಊರಿನವರ ಮುಂದೆ ಹೀಗೆ ಮಾನ ಕಳೆಯಬಹುದೇ ಎಂದು ತೊದಲಿದ.

“ನಾನೆಲ್ಲಿ ಸಹಿ ಹಾಕಿದೀನ್ರಿ?” ಎಂದಳು ಏಕನಾಥಮ್ಮ. “ಹೊಲ ನನ್ನ ಹೆಸರಲ್ಲೈತೆ. ನನ್ನನ್ನ ಯಾರೂ ಕರೀಲಿಲ್ಲ. ನೀವು ಅವರಿಬ್ರ ಮನೆ ಅಲೆಯೋ ಅಷ್ಟು ದಿನಾನೂ ಗಿಳಿ ತಿಂದಿದ್ದು ನನ್ನ ಕಾಳು.”

ಗೋವಿಂದಪ್ಪ ಕಾಗದವನ್ನು ಎರಡು ಸಲ ಓದಿ, ಹೆಣ್ಣುಮಗಳು ಹೇಳುವುದು ಸರಿ ಎಂದರು. ಹಾಗಾದರೆ ತಮ್ಮ ಹದ್ದುಗಳನ್ನೂ ವಾಪಸು ಕೊಡಿ ಎಂದು ಇಬ್ಬರೂ ಕೂಗೆಬ್ಬಿಸಿದರು. ಉಸ್ಮಾನ್ ಸಾಬ್ ಇದಕ್ಕಿಂತ ದೊಡ್ಡದು ಬೇಕಾದರೆ ಎಂಟು ದಿನ ಹಿಡಿಯುತ್ತದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಜಂಪಣ್ಣ ಕೈ ಮುಗಿದ.

ಏಕನಾಥಮ್ಮ ಸೊಪ್ಪಿನ ಮೊರ ಕೆಳಗಿಟ್ಟಳು. “ಈರಬಸಪ್ಪಣ್ಣ, ಬೀರಣ್ಣ, ನೀವಿಬ್ರೂ ಕೇಳ್ರಿ. ನಾನೂ ಹದ್ದು ಇಳಿಸ್ತೀನಿ, ಸಹೀನೂ ಹಾಕ್ತೀನಿ. ನಮ್ಮ ಹೊಲದಾಗೆ ಒಂದು ಅಟ್ಟಣೆ ಹಾಕಾಣ. ಅಲ್ಲಿ ನಿಂತ್ರೆ ಮೂರೂ ಹೊಲ ಕಾಣ್ತವೆ. ಬೆಳಕು ಹರಿಯಾ ಹೊತ್ತಿಂದ ತಗಡು ಬಡಿಯಾಕೆ ಒಂದು ಆಳು ಸಾಕು.”

“ಯಾರ ಆಳಕ್ಕ?” ಎಂದ ಬೀರಪ್ಪ ಅನುಮಾನದಿಂದ. “ಅವನ ಆಳು ಗಿಳೀನ ನನ್ನ ಹೊಲಕ್ಕೇ ಓಡಿಸ್ತಾನೆ.”

ಈರಬಸಪ್ಪನಿಗೂ ಅದೇ ಭಯವಿತ್ತು. ಯಾವ ಕಡೆಗೂ ವಾಲದ, ಇಬ್ಬರಿಗೂ ನಂಬಿಕೆಯ, ಎರಡೂ ಹೊಲದ ಮೂಲೆ ಮೂಲೆ ಬಲ್ಲ ಮನುಷ್ಯ ಬೇಕು ಎಂದು ಗೋವಿಂದಪ್ಪ ಹೇಳಿದರು. ಹೇಳುತ್ತ ಹೇಳುತ್ತ ಅವರ ಕಣ್ಣು ಜಂಪಣ್ಣನ ಮೇಲೆ ನಿಂತಿತು. ಮಿಕ್ಕವರ ಕಣ್ಣೂ ಅಲ್ಲಿಗೇ ಬಂತು. ಟಪಾಲು ಬಸ್ಸು ಬರುವುದು ಹನ್ನೊಂದಕ್ಕೆ, ಅಲ್ಲಿಯವರೆಗೆ ಮಾಸ್ತರಿಗೆ ಬೇರೆ ಕೆಲಸವೇನಿದೆ ಎಂದು ಸಿದ್ದಕ್ಕ ಕೇಳಿದಳು. ಅವತ್ತು ಬೆಳಗ್ಗಿನಿಂದ ಒಂದು ಮಾತಿಗೂ ಜಗಳವಿಲ್ಲದೆ ಒಪ್ಪದಿದ್ದ ಈರಬಸಪ್ಪ, ಬೀರಪ್ಪ ಇಬ್ಬರೂ ಒಂದೇ ಉಸಿರಿಗೆ ಒಪ್ಪಿದರು.

ಹೊಸ ಕಲಮನ್ನು ಬರೆಯಲು ಜಂಪಣ್ಣನಷ್ಟು ಚೆಂದದ ಅಕ್ಷರ ಇನ್ನೊಬ್ಬರದಿರಲಿಲ್ಲ. ಬದುವಿನ ಮೇಲೆ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಅವನೇ ಬರೆದ. ಏಕನಾಥಮ್ಮ ಓದಿಸಿ ಕೇಳಿದಳು. ಸಹಿ ಹಾಕಲು ಪೆನ್ನು ತೆಗೆದುಕೊಂಡವಳು ಒಂದು ಗಳಿಗೆ ತಡೆದಳು.

“ಗಿಳಿಗಳಿಗೆ ಭಾನುವಾರ ರಜೆ ಇರಲ್ಲ,” ಎಂದಳು. “ಅದನ್ನೂ ಸೇರಿಸ್ರಿ.”